ಪರವಾನಗಿ ಮನೆಬಾಗಿಲಿಗೆ ಬಂತು, ಪಾಠ ಎಲ್ಲಿ ಹೋಯಿತು?

ನಮ್ಮ ಸೀಮೆಯ ಸೈಬರ್ ಅಂಗಡಿಯೊಂದರಲ್ಲಿ ಇತ್ತೀಚೆಗೆ ನಾವು ಒಂದು 'ಪರೀಕ್ಷೆ'ಯನ್ನು ಕಣ್ಣಾರೆ ಕಂಡೆವು. ಹದಿನೆಂಟು ತುಂಬಿದ ತರುಣನೊಬ್ಬ ಬೆಂಚಿನ ಮೇಲೆ ಕುಳಿತು ಗೆಳೆಯನೊಂದಿಗೆ ಕ್ರಿಕೆಟ್ಟಿನ ಮಾತಾಡುತ್ತಿದ್ದ. ಅವನ ಎಲ್‌ಎಲ್‌ಆರ್ ಪರೀಕ್ಷೆಯನ್ನು ಅಂಗಡಿಯವನು ಮುಗಿಸುತ್ತಿದ್ದ. ರಸ್ತೆ ಸುರಕ್ಷತೆಯ ವಿಡಿಯೊ ಪರದೆಯ ಮೇಲೆ ಧ್ವನಿಯಿಲ್ಲದೆ ಓಡುತ್ತಿತ್ತು, ನೋಡುವವರು ಯಾರೂ ಇರಲಿಲ್ಲ. ಓಟಿಪಿ ಕೇಳಿದಾಗ ಮಾತ್ರ ತರುಣ ತಲೆಯೆತ್ತಿ ಅಂಕಿಗಳನ್ನು ಓದಿ ಹೇಳಿದ. ಸ್ವಲ್ಪ ಹೊತ್ತಿನಲ್ಲೇ ಫಲಿತಾಂಶ ಬಂತು: ಉತ್ತೀರ್ಣ! ಪರೀಕ್ಷೆ ಎದುರಿಸಿದವನು ಒಬ್ಬ, ನಾಳೆ ರಸ್ತೆಗಿಳಿಯುವವನು ಇನ್ನೊಬ್ಬ.

ಆನ್‌ಲೈನ್ ವ್ಯವಸ್ಥೆಯನ್ನು ನಾವು ವಿರೋಧಿಸುತ್ತಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳಿಗೆ ಮಧುಗಿರಿಯ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯೇ ದಿಕ್ಕು. ಕೆಎ-64 ಎಂಬ ಸಂಖ್ಯೆ ಹೊತ್ತ ವಾಹನಗಳು ನೋಂದಣಿಯಾಗುವುದು ಅಲ್ಲಿಯೇ. ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ಪಾವಗಡದ ಕೂಲಿಕಾರನೊಬ್ಬ ಒಂದು ಅರ್ಜಿಗಾಗಿ ಮಧುಗಿರಿಗೆ ಬಂದು ಹೋಗಬೇಕಾದರೆ ಅವನ ಒಂದು ದಿನದ ದುಡಿಮೆ ಮಣ್ಣುಪಾಲು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಆಧಾರ್ ದೃಢೀಕರಣದ ಮೂಲಕ ಕಲಿಕಾ ಪರವಾನಗಿಯೂ ಸೇರಿದಂತೆ 18 ಸೇವೆಗಳನ್ನು ಮನೆಯಲ್ಲಿಯೇ ಪಡೆಯಲು ದಾರಿ ಮಾಡಿಕೊಟ್ಟಾಗ ಬಡವನ ಹೊರೆ ಇಳಿಯಿತೆಂದು ನಾವೂ ಸಂತೋಷಪಟ್ಟಿದ್ದೆವು. ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಹೆಣ್ಣುಮಕ್ಕಳಿಗೂ ಇದು ತೆರೆದ ಬಾಗಿಲು.

ಆದರೆ ಆದದ್ದೇನು? ಕಚೇರಿಯ ಗೇಟಿನ ಬಳಿ ನಿಲ್ಲುತ್ತಿದ್ದ ದಲ್ಲಾಳಿ ಈಗ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆ. ಕಲಿಕಾ ಪರವಾನಗಿಗೆ ಕೇಂದ್ರದ ನಿಯಮದಲ್ಲಿರುವ ಶುಲ್ಕ ಒಂದು ವರ್ಗದ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಅದರ ಹಲವು ಪಟ್ಟು ತೆತ್ತು ನಾವು ಕೊಳ್ಳುತ್ತಿರುವುದಾದರೂ ಏನನ್ನು? ಕಲಿಯದೆ ಇರುವ ಸೌಲಭ್ಯವನ್ನು! ಜಾಲತಾಣದ ಹೆಸರು 'ಸಾರಥಿ'. ಆದರೆ ಅದರಲ್ಲಿ ಅರ್ಜಿಗೆ ಸಿಕ್ಕಿದ ಗೌರವ ಸಾರಥ್ಯದ ವಿದ್ಯೆಗೆ ಸಿಕ್ಕಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಪ್ರಾಥಮಿಕ ಪರೀಕ್ಷೆಯಲ್ಲಿ ಕೇಳುವುದೇನನ್ನು? ಸಂಚಾರ ಚಿಹ್ನೆಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ದಾಟುವಿಕೆಯಲ್ಲಿ ವಹಿಸಬೇಕಾದ ಎಚ್ಚರ, ಜೊತೆಗಿರಬೇಕಾದ ದಾಖಲೆಗಳು. ಶೇ. 60ರಷ್ಟು ಉತ್ತರ ಸರಿಯಿದ್ದರೆ ಸಾಕು. ಇಷ್ಟನ್ನು ಕಲಿಯಲು ಒಂದು ಸಂಜೆ ಸಾಲದೇ? ಪರವಾನಗಿ ಕೈಗೆ ಬಂದ ಮೇಲೆ ಕೆಂಪು ಬಣ್ಣದ 'ಎಲ್' ಫಲಕ ಹಾಕಬೇಕು, ಕಲಿಸುವವರು ಜೊತೆಗಿರಬೇಕು, ಬೈಕಿನಲ್ಲಿ ಬೇರೆ ಯಾರನ್ನೂ ಕೂರಿಸಬಾರದು. 30 ದಿನಗಳ ಕಲಿಕೆಯ ನಂತರವೇ ಚಾಲನಾ ಪರೀಕ್ಷೆ. ನಮ್ಮ ಊರುಗಳಲ್ಲಿ ಎಲ್‌ಎಲ್‌ಆರ್ ಬಂದ ಸಂಜೆಯೇ ಮೂವರು ಒಂದೇ ಬೈಕಿನಲ್ಲಿ ಹೆದ್ದಾರಿಗೇರುತ್ತಾರೆ. ತಿಂಗಳ ನಂತರ ಪರೀಕ್ಷಾ ಮೈದಾನದಲ್ಲಿ 'ಎಂಟು' ಹಾಕಿ ತೋರಿಸಿದರೆ ಚಾಲಕನಾದಂತೆ!

ಇದರ ಬೆಲೆ ಏನೆಂದು ಈ ಸೀಮೆಗೆ ತಿಳಿಯದೇ? 2022ರ ಮಾರ್ಚ್ 19ರಂದು ಪಾವಗಡದ ಪಳವಳ್ಳಿ ಕಟ್ಟೆಯ ಬಳಿ ಖಾಸಗಿ ಬಸ್ಸು ಉರುಳಿ ಕಾಲೇಜಿಗೆ ಹೊರಟ ಮಕ್ಕಳು ಹೆಣವಾದರು. ಅದೇ ವರ್ಷದ ಆಗಸ್ಟ್ 25ರಂದು ಶಿರಾ ತಾಲೂಕಿನ ಕಳ್ಳಂಬೆಳ್ಳ ಸಮೀಪ ಹೆದ್ದಾರಿಯಲ್ಲಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಕಡೆಯ 9 ಮಂದಿ ಪ್ರಾಣ ತೆತ್ತರು. ಆ ಚಾಲಕರು ಪರವಾನಗಿ ಪಡೆದ ಬಗೆಯನ್ನು ನಾವಿಲ್ಲಿ ಪ್ರಶ್ನಿಸುತ್ತಿಲ್ಲ. ಎರಡೂ ವಾಹನಗಳಲ್ಲಿ ಮಿತಿಮೀರಿ ಜನ ತುಂಬಿದ್ದರು ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಅದೇ ವರ್ಷ ಕರ್ನಾಟಕದ ರಸ್ತೆಗಳಲ್ಲಿ 11,702 ಮಂದಿ, ದೇಶದಲ್ಲಿ 1,68,491 ಮಂದಿ ಸತ್ತರು. ದೇಶದಲ್ಲಿ ಸತ್ತವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನ ಸವಾರರು. ನಿಯಮ ಅರಿಯುವುದೆಂದರೆ ದಂಡ ತಪ್ಪಿಸಿಕೊಳ್ಳುವ ಜಾಣ್ಮೆಯಲ್ಲ, ಪ್ರಾಣ ಉಳಿಸುವ ವಿದ್ಯೆ.

ದೂರನ್ನು ಸರಕಾರದ ಮೇಲೆ ಹೊರಿಸುವ ಮೊದಲು ನಮ್ಮ ಮನೆಯ ಅಂಗಳವನ್ನು ನೋಡೋಣ. ಹದಿನೈದರ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು 'ನಮ್ಮ ಹುಡುಗ ಚೆನ್ನಾಗಿ ಓಡಿಸ್ತಾನೆ' ಎಂದು ಬೀಗುವ ತಂದೆಯರು ನಮ್ಮಲ್ಲಿ ಎಷ್ಟಿಲ್ಲ? 2019ರ ತಿದ್ದುಪಡಿಯ ಪ್ರಕಾರ ಆ ತಂದೆಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಅದಕ್ಕಿಂತ ಭಾರವಾದ ಮತ್ತೊಂದಿದೆ. ಪರವಾನಗಿಯಿಲ್ಲದವನಿಗೆ ತಿಳಿದೂ ವಾಹನ ಕೊಟ್ಟು ಅಪಘಾತವಾದರೆ, ವಿಮಾ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ಎತ್ತಿಹಿಡಿದಿದೆ. ಹೊಲ, ಮನೆ ಮಾರಿದರೂ ತೀರದ ಸಾಲವನ್ನು ಒಂದು ಕೀಲಿಗೊಂಚಲು ತರಬಲ್ಲದು.

ಇನ್ನು ಸರಕಾರದ ಹೊಣೆ. ಹಗುರ ವಾಹನ ಕಲಿಯಲು 29 ಗಂಟೆಗಳು ಬೇಕು, ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಅಭ್ಯಾಸ ಎಂದು 2021ರಲ್ಲಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆ ನಿಯಮ ಬರೆದದ್ದು ಇದೇ ಸರಕಾರ. ಹಾಗಿದ್ದಮೇಲೆ ಉಳಿದವರಿಗೆ ಯಾರೂ ನೋಡದ ಒಂದು ವಿಡಿಯೊ ಸಾಕೆಂದರೆ ಹೇಗೆ? ಬಾಡಿಗೆ ವಾಹನ ಚಾಲಕರಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಯಿತು. ಶಾಲೆ ಬಿಟ್ಟ ನಮ್ಮ ಎಷ್ಟೋ ತರುಣರಿಗೆ ಆಟೊ, ಲಾರಿಯ ಅನ್ನ ದೊರೆಯುವ ದಾರಿ ತೆರೆಯಿತು. ಅದು ಸರಿಯಾದ ನಿರ್ಧಾರವೇ. ಆದರೆ ಓದು ಬಾರದವನಿಗೆ ಕಲಿಸುವ ಕೆಲಸ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು. ತಿರುಮಣಿಯ ಬಯಲಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಕಟ್ಟಬಲ್ಲವರಿಗೆ, ತಾಲೂಕಿಗೊಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ಬೋಧಕನನ್ನು ಕೂರಿಸುವುದು ಅಸಾಧ್ಯವೇ?

ಅದಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪಂಚಾಯಿತಿಯ ಗ್ರಂಥಾಲಯಗಳಿವೆ, ಪಿಯು ಕಾಲೇಜುಗಳಿವೆ, ಶಾದಿಮಹಲುಗಳಿವೆ, ಸಂಘಗಳಿವೆ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದು ಒಂದು ಅಪಘಾತವನ್ನೂ ಮಾಡದ ಹಿರಿಯ ಚಾಲಕರು ಪ್ರತಿ ಮೊಹಲ್ಲಾದಲ್ಲಿ, ಪ್ರತಿ ಕೇರಿಯಲ್ಲಿ ಇದ್ದಾರೆ. ಭಾನುವಾರ ಎರಡು ಗಂಟೆ ಅವರನ್ನು ಕರೆದು ಕೂರಿಸಿರಿ. ಹುಡುಗರಿಗೂ ಹುಡುಗಿಯರಿಗೂ ಚಿಹ್ನೆಗಳನ್ನು ಕಲಿಸಿರಿ. ನಂತರ ಅವರೇ ತಮ್ಮ ಕೈಯಿಂದ ಪರೀಕ್ಷೆ ಬರೆಯಲಿ. ಅನುತ್ತೀರ್ಣರಾದರೆ ಮತ್ತೆ ಬರೆಯಲಿ, ಅದರಲ್ಲಿ ಅವಮಾನವೇನೂ ಇಲ್ಲ.

ಕಚೇರಿಯ ಭಾಷೆಯಲ್ಲಿ ತಪ್ಪು ಮಾಡಿದವನ ಲೈಸೆನ್ಸು 'ಅಮಾನತು' ಆಗುತ್ತದೆ. ನಮ್ಮ ಮನೆಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ಸೊತ್ತು. ಎದುರಿನಿಂದ ಬರುತ್ತಿರುವ ಅಪರಿಚಿತನ ಪ್ರಾಣ ನಮ್ಮ ಬಳಿಯಿರುವ ಅಂಥ ಸೊತ್ತು. ಅದನ್ನು ಕಾಯುವ ವಿದ್ಯೆಯನ್ನು ದಲ್ಲಾಳಿಯಿಂದ ಕೊಳ್ಳಲಾಗದು, ನಾವೇ ಕಲಿಯಬೇಕು.