ಸ್ವಸಹಾಯ ಒಬ್ಬಂಟಿಯ ಕೆಲಸವೇ?

ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ನಮ್ಮ ವ್ಯಾಪಾರೋದ್ಯಮಿಗಳಲ್ಲಿ ಬೇಡಿಕೆ ಕಡಿಮೆಯಿಲ್ಲ. ಶುಲ್ಕ ತೆತ್ತು ಶಿಬಿರಗಳಿಗೂ ಹೋಗುತ್ತೇವೆ. ಕೈಕುಲುಕುವ ರೀತಿ, ಎದುರಿನವರ ಹೆಸರನ್ನು ನೆನಪಿಡುವ ಉಪಾಯ, ಇವನ್ನೆಲ್ಲ ಶ್ರದ್ಧೆಯಿಂದ ಬರೆದುಕೊಳ್ಳುತ್ತೇವೆ. ಮರುದಿನ ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷದ ಹಳೆಯ ಕೆಲಸಗಾರನೆದುರು ನಿಂತಾಗ ಆಡಲು ಮಾತೇ ಹೊಳೆಯುವುದಿಲ್ಲ.

ಈ ಬಗೆಯ ಪುಸ್ತಕಗಳಿಗೆ ಮೂಲಪುರುಷನೆನ್ನಬಹುದಾದ ಸ್ಯಾಮ್ಯುಯೆಲ್ ಸ್ಮೈಲ್ಸ್ ತನ್ನ 'ಸೆಲ್ಫ್ ಹೆಲ್ಪ್' ಗ್ರಂಥವನ್ನು 1859ರಲ್ಲಿ ಪ್ರಕಟಿಸಿದನು. ಅದರ ಹುಟ್ಟು ಮಾತ್ರ ಏಕಾಂತದಲ್ಲಿ ಆದದ್ದಲ್ಲ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಕೆಲವು ಬಡ ಯುವಕರು ಸಂಜೆ ಒಂದೆಡೆ ಕೂಡಿ ಪರಸ್ಪರ ಓದು ಬರಹ, ಲೆಕ್ಕ ಕಲಿಸಿಕೊಳ್ಳುತ್ತಿದ್ದರು. ಜನ ಹೆಚ್ಚಿದಾಗ ಹಿಂದೆ ಕಾಲರಾ ರೋಗಿಗಳಿಗೆ ಬಳಸಿದ್ದ ಕೋಣೆಯನ್ನು ಬಾಡಿಗೆಗೆ ಹಿಡಿದರು. ಅವರಿಗಾಗಿ ಮಾಡಿದ ಉಪನ್ಯಾಸಗಳೇ ಮುಂದೆ ಗ್ರಂಥವಾದವು. ನಾವು ಗ್ರಂಥವನ್ನು ಉಳಿಸಿಕೊಂಡು ಕೂಟವನ್ನು ಬಿಟ್ಟೆವು.

ಆ ಕೂಟವನ್ನು ಉಳಿಸಿಕೊಂಡವರು ನಮ್ಮ ಮಹಿಳೆಯರು. ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯ ಆರಂಭಿಸಿತು. ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಿತು. ಹಿಂಡಲಗಾ ಎಂದೊಡನೆ ಹೊರಗಿನವರಿಗೆ ಸೆರೆಮನೆ ನೆನಪಾಗುತ್ತದೆ. ನನಗೆ ನೆನಪಾಗುವುದು ಅಲ್ಲಿಯ ಒಂದು ಪಡಸಾಲೆ. ಕನ್ನಡ, ಮರಾಠಿ ಎರಡೂ ಬೆರೆತ ಮಾತಿನಲ್ಲಿ ವಾರದ ಸಭೆ ನಡೆಯುತ್ತಿತ್ತು. ಕಂತು ಕಟ್ಟಲಾಗದ ಒಬ್ಬಾಕೆ ಎದ್ದು ನಿಂತು ಕಾರಣ ಹೇಳಿದಳು. ಉಳಿದವರು ಕೇಳಿದರು, ಒಂದಿಬ್ಬರು ಗದರಿದರು, ಕೊನೆಗೆ ಗಡುವು ಕೊಟ್ಟರು. ಹಣದ ಮೊತ್ತ ಅಲ್ಪ. ಆದರೆ ತನ್ನ ಅಡಚಣೆಯನ್ನು ಹತ್ತು ಜನರೆದುರು ಹೇಳುವ ಕಲೆ ಯಾವ ಶಿಬಿರದಲ್ಲಿಯೂ ನನಗೆ ದೊರೆತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡ ಗಿರಾಕಿಯೊಬ್ಬರಿಂದ ಬರಬೇಕಾದ ಹಣ ನಿಂತಾಗ ನಾನು ಆರು ತಿಂಗಳು ಯಾರಿಗೂ ಬಾಯಿಬಿಡಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ. ನಿದ್ದೆ ಹೋಯಿತು, ಕೆಲಸಗಾರರ ಮೇಲೆ ಸಿಡುಕು ಹೆಚ್ಚಿತು, ನುರಿತ ಇಬ್ಬರು ಬಿಟ್ಟುಹೋದರು. ಅವರನ್ನು ಕಳೆದುಕೊಂಡ ನಷ್ಟ ಆ ಬಾಕಿಗಿಂತ ದೊಡ್ಡದು. ನಮ್ಮಲ್ಲಿ ಸಾಲದ ಸುದ್ದಿ ಹೊರಬಿದ್ದರೆ ಪೇಟೆಯಲ್ಲಿ ಪತ ಹೋಗುತ್ತದೆಂಬ ಭಯವಿದೆ. ಭಯ ಸುಳ್ಳೆಂದು ನಾನು ಹೇಳಲಾರೆ.

ಆದುದರಿಂದ ಸದಸ್ಯ ಮಿತ್ರರಲ್ಲಿ ನನ್ನ ಸಲಹೆ ಚಿಕ್ಕದು. ತಿಂಗಳಿಗೊಮ್ಮೆ, ಒಂದೇ ಸರಕಿನ ಪೈಪೋಟಿದಾರರಲ್ಲದ ಎಂಟು ಹತ್ತು ಜನ ಒಂದು ಗಂಟೆ ಕೂಡೋಣ. ಭಾಷಣಕಾರರು ಬೇಡ, ಹಾರ ಶಾಲು ಬೇಡ, ನಡಾವಳಿ ಪುಸ್ತಕವಂತೂ ಬೇಡವೇ ಬೇಡ. ಒಬ್ಬರು ಹೇಳುವಾಗ ಉಳಿದವರು ಉಪದೇಶಕ್ಕೆ ಆತುರಪಡದೆ ಕೇಳುವುದು ಮೊದಲ ಪಾಠವಾಗಲಿ. ನನಗಂತೂ ಅದೇ ಕಠಿಣ. ಇದು ಚಿಕಿತ್ಸೆಗೆ ಬದಲಿಯಲ್ಲ. ಮನಸ್ಸು ತೀರ ಕುಗ್ಗಿದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರವಿದೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಮೊದಲ ಕೂಟಕ್ಕೆ ನನ್ನ ಕಾರ್ಖಾನೆಯ ಹಿಂದಿನ ಕೋಣೆ ತೆರವಾಗಿದೆ. ಚಹದ ಖರ್ಚು ನನ್ನದು.