ಕೈ ಕೆಸರಾದವರ ಬಾಯಿಗೂ ಮೊಸರು ಬೇಡವೇ?



ನನ್ನ ಊರು ಕ್ಯಾತ್ಸಂದ್ರ ಎಂದೊಡನೆ ಎದುರಿನವರು ನನ್ನ ಯೋಗಕ್ಷೇಮಕ್ಕಿಂತ ಮೊದಲು ತಟ್ಟೆ ಇಡ್ಲಿಯ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ಸಿದ್ಧಗಂಗೆಗೆ ಬಂದವರು, ದೇವರಾಯನದುರ್ಗಕ್ಕೆ ಹೊರಟವರು, ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬಂದವರು ಇಲ್ಲಿ ಗಾಡಿ ನಿಲ್ಲಿಸಿ, ಅಂಗೈಗಿಂತ ಅಗಲವಾದ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನು ಕಣ್ತುಂಬ ನೋಡಿಯೇ ಮುಂದೆ ಸಾಗುತ್ತಾರೆ. ಊರಿಗೆ ಅದು ಹೆಮ್ಮೆಯ ಸಂಗತಿಯೇ. ಆದರೆ ಇಂದು ನಾನು ಬರೆಯಹೊರಟಿರುವುದು ಹೋಟೆಲಿನ ಇಡ್ಲಿಯನ್ನು ಕುರಿತಲ್ಲ. ಭಾನುವಾರ ಬೆಳಗ್ಗೆ ನಮ್ಮ ನಿಮ್ಮ ಮನೆಗಳಲ್ಲಿ ಬೇಯುವ ಇಡ್ಲಿಯನ್ನು ಕುರಿತು.

ನನ್ನ ಬಾಲ್ಯದಲ್ಲಿ ಇಡ್ಲಿ ದಿನನಿತ್ಯದ ತಿಂಡಿಯಾಗಿರಲಿಲ್ಲ. ರಾಗಿ ರೊಟ್ಟಿಯೋ ರಾತ್ರಿ ಉಳಿದ ಮುದ್ದೆಯೋ ನಮ್ಮ ಬೆಳಗಿನ ಪಾಡಾಗಿತ್ತು. ಹಬ್ಬಕ್ಕೋ ನೆಂಟರು ಬಂದಾಗಲೋ ಇಡ್ಲಿಯ ಯೋಗ. ಹಿಂದಿನ ಸಂಜೆ ಅಮ್ಮ ಒರಳುಕಲ್ಲಿನ ಮುಂದೆ ಕುಳಿತರೆ ಏಳುವ ಹೊತ್ತಿಗೆ ದೀಪ ಹಚ್ಚುವ ಸಮಯ ಮೀರಿರುತ್ತಿತ್ತು. ಉದ್ದು ನೊರೆನೊರೆಯಾಗಿ ಮೇಲೇಳಬೇಕು, ಅಕ್ಕಿ ಸಣ್ಣ ರವೆಯಂತೆ ಉಳಿಯಬೇಕು. ಎರಡಕ್ಕೂ ಎರಡು ಹದ. ಬೆಳಗ್ಗೆ ಮೊದಲ ಒಬ್ಬೆ ಅಪ್ಪನಿಗೆ ಮತ್ತು ನೆಂಟರಿಗೆ, ಎರಡನೆಯದು ನಮಗೆ. ಕಟ್ಟಕಡೆಗೆ ಅಮ್ಮ ಒಲೆಯ ಪಕ್ಕದಲ್ಲೇ ಕುಳಿತು, ಆರಿದ ಇಡ್ಲಿಯನ್ನು ಪಾತ್ರೆಯ ತಳದ ಚಟ್ನಿಯಲ್ಲಿ ಒರೆಸಿ ತಿನ್ನುತ್ತಿದ್ದಳು. ಅದನ್ನು ದಿನವೂ ಕಂಡ ನನಗೆ ಒಮ್ಮೆಯೂ ಏನೂ ಅನ್ನಿಸಲಿಲ್ಲ ಎಂಬುದೇ ಇಂದಿನ ನನ್ನ ಸಂಕಟ.

ಮದುವೆಯಾದ ಮೇಲೆ ಒರಳಿನ ಜಾಗಕ್ಕೆ ಗ್ರೈಂಡರ್ ಬಂತು, ಸೌದೆಯ ಜಾಗಕ್ಕೆ ಗ್ಯಾಸ್ ಬಂತು; ಬಡಿಸುವ ಕ್ರಮ ಮಾತ್ರ ಕದಲಲಿಲ್ಲ. ತರಗತಿಯಲ್ಲಿ ಶ್ರಮದ ಘನತೆಯನ್ನು ಕುರಿತು ನಿಮಗೆ ಗಂಟೆಗಟ್ಟಲೆ ಪಾಠ ಹೇಳಿದ ಈ ಮೇಷ್ಟ್ರು, ಭಾನುವಾರ ವೃತ್ತಪತ್ರಿಕೆ ಹಿಡಿದು ‘ಇನ್ನೊಂದು ಇಡ್ಲಿ’ ಎಂದು ಕೂಗುತ್ತಿದ್ದ.

ನಿವೃತ್ತಿಯ ನಂತರ ಒಂದು ಪುಷ್ಯಮಾಸದಲ್ಲಿ ನನ್ನಾಕೆ ಜಾರಿಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಆಗ ನಾನು ಅಡುಗೆಮನೆ ಹೊಕ್ಕೆ. ಮೊದಲ ಭಾನುವಾರದ ಇಡ್ಲಿ ನಾಯಿಗೂ ಬೇಡವಾಯಿತು. ಚಳಿಗಾಲದಲ್ಲಿ ಹಿಟ್ಟು ಹುದುಗಲು ಹೆಚ್ಚು ಹೊತ್ತು ಬೇಕೆಂಬ ಅರಿವು ವಿಜ್ಞಾನ ಓದಿದ ನನಗೆ ಪುಸ್ತಕದಲ್ಲಿತ್ತು, ಕೈಯಲ್ಲಿರಲಿಲ್ಲ. ಉದ್ದಿನಲ್ಲೂ ಅಕ್ಕಿಯಲ್ಲೂ ಇರುವ ಸೂಕ್ಷ್ಮಜೀವಿಗಳು ಆಮ್ಲವನ್ನೂ ಅನಿಲವನ್ನೂ ಉಂಟುಮಾಡುತ್ತವೆ. ಚೆನ್ನಾಗಿ ರುಬ್ಬಿದ ಉದ್ದು ಆ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗಲೇ ಹಿಟ್ಟು ಉಬ್ಬುವುದು. ಚಳಿಯಲ್ಲಿ ಈ ಕೆಲಸ ನಿಧಾನ. ಎರಡನೆಯ ವಾರ ಆಕೆ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟಳು: ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಅರ್ಧ ಲೋಟ ಅವಲಕ್ಕಿ, ಒಂದು ಹಿಡಿ ಸಬ್ಬಕ್ಕಿ, ರುಬ್ಬಿದ ಮೇಲೆ ಪಾತ್ರೆಗೆ ಕಂಬಳಿ ಹೊದಿಸಿ ಒಲೆಯ ಬಳಿ ಬೆಚ್ಚಗಿಡುವುದು. ಆ ಭಾನುವಾರ ಇಡ್ಲಿ ಉಬ್ಬಿ ಬಂತು. ಬಿಸಿ ಇಡ್ಲಿಯ ಮೇಲೆ ಬೆಣ್ಣೆಯಿಟ್ಟು ಮೊದಲ ತಟ್ಟೆಯನ್ನು ಆಕೆಯ ಕೈಗೆ ಕೊಟ್ಟೆ. ಎರಡು ತುತ್ತು ತಿಂದು ಆಕೆ ಹೇಳಿದಳು: "ಈ ಮನೆಗೆ ಬಂದ ಮೇಲೆ ಬೆಣ್ಣೆ ಕರಗೋದ್ರೊಳಗೆ ಇಡ್ಲಿ ತಿಂತಿರೋದು ಇದೇ ಮೊದಲು ಕಣ್ರೀ."

ಆಕೆ ದೂರಿನ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳಿ ಪಾರಾಗುತ್ತಿದ್ದೆನೇನೋ.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ವ್ಯಯಿಸಿದರೆ, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ವ್ಯಯಿಸುವುದು 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಲೆಕ್ಕಕ್ಕೆ ಬಂದೇ ಇಲ್ಲ! ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಿಮ್ಮಿಂದ ಎಷ್ಟು ಬಾರಿ ವಿಸ್ತರಿಸಿ ಬರೆಯಿಸಿದ್ದೇನೋ! ನಮ್ಮ ಮನೆಗಳಲ್ಲಿ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು.

ಶಿವಕೋಟ್ಯಾಚಾರ್ಯರ ವಡ್ಡಾರಾಧನೆಯಲ್ಲಿ, ಅಂದರೆ ಸುಮಾರು ಹತ್ತನೆಯ ಶತಮಾನದಲ್ಲೇ, ‘ಇಡ್ಡಲಿಗೆ’ಯ ಉಲ್ಲೇಖವಿದೆ. ಸಾವಿರ ವರ್ಷ ಇಡ್ಡಲಿಗೆಯ ಹೆಸರು ಉಳಿಯಿತು. ಅದನ್ನು ರುಬ್ಬಿದ ಕೈಗಳ ಹೆಸರು ಉಳಿಯಲಿಲ್ಲ.

ಇದನ್ನು ಹೇಳಿದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ವಾದಿಸಿದ: "ಮೇಷ್ಟ್ರೇ, ಭಾನುವಾರ ಎಲ್ಲರೂ ಹೋಟೆಲಿಗೇ ಹೋದರೆ ನಮ್ಮನೆಯವರಿಗೂ ಬಿಡುವು ಸಿಗುತ್ತದಲ್ಲ?" ಮಾತು ಸರಿಯೇ. ಅಂಗಡಿಯ ಸಿದ್ಧ ಹಿಟ್ಟಿನ ಬಗೆಗೂ ನನಗೆ ತಕರಾರಿಲ್ಲ; ರುಬ್ಬುವ ಶ್ರಮ ತಪ್ಪಿದರೆ ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಹೋಟೆಲು ಕೊಡುವುದು ಒಂದು ಬೆಳಗಿನ ಬಿಡುವನ್ನು. ಸೋಮವಾರ ಮತ್ತೆ ಅದೇ ಒಲೆ, ಅದೇ ಒಬ್ಬಳು. ಮಕ್ಕಳು ಅಲ್ಲಿ ಬಿಲ್ಲು ಕೊಡುವುದನ್ನು ಕಲಿಯುತ್ತಾರೆಯೇ ಹೊರತು ತಟ್ಟೆ ತೊಳೆಯುವುದನ್ನಲ್ಲ. ‘ಬಡಿಸುವುದರಲ್ಲೇ ಅವರಿಗೆ ತೃಪ್ತಿ’ ಎನ್ನುವವರೂ ಇದ್ದಾರೆ. ಇರಬಹುದು. ಆ ತೃಪ್ತಿಯನ್ನು ನಾವೂ ಒಮ್ಮೆ ಅನುಭವಿಸಿ ನೋಡಬಹುದಲ್ಲ? ಗಂಡಸಿಗೆ ಅಡುಗೆ ಬಾರದೆಂಬ ಮಾತನ್ನಂತೂ ಒಪ್ಪಲಾರೆ. ಹೋಟೆಲಿನ ಒಲೆಯ ಮುಂದೆ, ಮದುವೆಮನೆಯ ಕೊಪ್ಪರಿಗೆಯ ಮುಂದೆ ಬಹುಪಾಲು ನಿಂತಿರುವವರು ಗಂಡಸರೇ. ಹಣ ಬರುವ ಕಡೆ ಬರುವ ವಿದ್ಯೆ ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ಮರೆತುಹೋಗುವುದೇಕೆ?

ನಮ್ಮ ಮನೆಯಲ್ಲಿ ಈಗೊಂದು ನಿಯಮವಿದೆ. ತಟ್ಟೆ ಇಡ್ಲಿಯ ಸ್ಟ್ಯಾಂಡಿನಲ್ಲಿ ಒಮ್ಮೆಗೆ ನಾಲ್ಕು ತಟ್ಟೆ. ಒಂದು ಒಬ್ಬೆ ಬೇಯಲು ಹದಿನೈದು ನಿಮಿಷ. ಪ್ರತಿ ಒಬ್ಬೆಗೂ ಒಲೆಯ ಮುಂದಿನ ಆಳು ಬದಲಾಗಬೇಕು. ಶನಿವಾರ ನೆನೆಹಾಕಿ ರುಬ್ಬುವುದು ನನ್ನ ಪಾಲು. ಮೊಮ್ಮಕ್ಕಳು ಬಂದಾಗ ಕಾಯಿ ತುರಿಯುವುದು, ಹುರಿಗಡಲೆ ಅಳೆಯುವುದು ಅವರ ಪಾಲು. ಮೊದಲ ಒಬ್ಬೆಯ ಮೊದಲ ಇಡ್ಲಿ, ವಾರವೆಲ್ಲ ಅಡುಗೆ ಮಾಡಿದವರಿಗೆ. ನನ್ನಾಕೆಯ ಕೈ ವಾಸಿಯಾಗಿ ವರ್ಷಗಳಾದರೂ ನಿಯಮ ಬದಲಾಗಿಲ್ಲ. ಉದ್ದಿನ ಹದದಲ್ಲಿ ಇಂದಿಗೂ ಆಕೆ ನನಗೆ ಪೂರ್ಣ ಅಂಕ ಕೊಟ್ಟಿಲ್ಲವೆಂಬುದು ಬೇರೆ ಮಾತು.

ಅಮ್ಮನಿಗೆ ಒಂದು ಬಿಸಿ ಇಡ್ಲಿ ಬಡಿಸುವ ಅವಕಾಶ ನನಗೆ ಇನ್ನಿಲ್ಲ. ನಿಮ್ಮಲ್ಲಿ ಅನೇಕರಿಗೆ ಇದೆ. ಬರುವ ಶನಿವಾರ ಉದ್ದು ನೆನೆಹಾಕಿ. ಮೊದಲ ಸಲ ಕೆಟ್ಟರೆ ಅಳುಕಬೇಡಿ. ನಿಮ್ಮ ಮೇಷ್ಟ್ರೂ ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನೇ.