75 ವರ್ಷದ ಹಿಂದಿನ ಅಜ್ಜನನ್ನು ಎಲ್ಲಿಂದ ತರೋದು?

ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ ಮನೆಗಳಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ರೇಷನ್ ಕಾರ್ಡಿನ ಜೆರಾಕ್ಸ್, ಹಳೇ ಮತದಾರರ ಪಟ್ಟಿಯ ಹಾಳೆ, ಎಂದೋ ದಂಡ ಕಟ್ಟಿದ ರಸೀದಿ, ಯಾರೋ ಬರೆದುಕೊಟ್ಟ ವಂಶವೃಕ್ಷ, ಅದು ಸರಿಯಿಲ್ಲ ಎಂದು ಇನ್ಯಾರೋ ಬರೆದುಕೊಟ್ಟ ಇನ್ನೊಂದು ವಂಶವೃಕ್ಷ. ಮುತ್ತಜ್ಜನ ಹೆಸರು ಒಂದರಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ. ಮನೆಯ ಗಂಡಸು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುತ್ತಾನೆ. ಹೆಂಗಸರು ತವರಿನ ಕಡೆಯ ಮುದುಕರನ್ನು ಹುಡುಕಿಕೊಂಡು ಹೋಗುತ್ತಾರೆ. ಕೊನೆಗೊಂದು ದಿನ, ಸಾಕಪ್ಪ ಈ ಪೂರ್ವಜರ ಸಹವಾಸ ಎಂದು ಚೀಲ ಅಟ್ಟ ಸೇರುತ್ತದೆ.

ಇದಕ್ಕೆ ಜನರ ಅಜ್ಞಾನ ಎಂದು ಹೆಸರಿಡುವವರಿದ್ದಾರೆ. ದಾಖಲೆ ಇಟ್ಟುಕೊಳ್ಳಲು ಬರದವರು ಎನ್ನುತ್ತಾರೆ. ನಮಗೆ ಈ ಮಾತು ಒಪ್ಪಿಗೆಯಿಲ್ಲ. ತಲೆ ಕೆಟ್ಟು ಕೈಚೆಲ್ಲುವುದು ಆ ಕುಟುಂಬಗಳ ದೋಷವಲ್ಲ. ಇಡೀ ಊರು ಹೊರಬೇಕಾದ ಹೊರೆಯನ್ನು ಒಂದೊಂದು ಮನೆಯ ತಲೆ ಮೇಲೆ ಇಟ್ಟಿದ್ದೇ ದೋಷ. ಕಾನೂನು ಹಾಗೆ ಇಡಿ ಎಂದು ಹೇಳಿಯೇ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಎರಡು ಬಗೆಯ ಜನರಿದ್ದಾರೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿ, ಕಾಡನ್ನು ನಂಬಿ ಬದುಕಿದ್ದರೆ ಸಾಕು. ಉಳಿದವರು 'ಇತರ ಪಾರಂಪರಿಕ ಅರಣ್ಯವಾಸಿಗಳು'. ಇವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು ಅಲ್ಲಿದ್ದೆವು ಎಂದು ತೋರಿಸಬೇಕು. ತಲೆಮಾರಿಗೆ 25 ವರ್ಷ, ಒಟ್ಟು 75. ಅಂದರೆ 1930. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರನ್ನೇ ನೋಡಿ. ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಕೊಟ್ಟು ಕಾಡಿನ ಮಕ್ಕಳು ಎಂದು ಹೊಗಳಿದ ದೇಶ ಇದು. ಆ ಸಮುದಾಯವನ್ನು ಪಂಗಡದ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ಮಾತ್ರ ದಶಕಗಳಿಂದ ಹಾಗೇ ಬಿದ್ದಿದೆ. ಹಾಗಾಗಿ ಅವರ ಮನೆಗಳೂ 1930ಕ್ಕೆ ಹೋಗಿ ಬರಬೇಕು.

1930ರಲ್ಲಿ ಏನಿತ್ತು? ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ, ಸಾಗರ ಹೊಸನಗರ ಮೈಸೂರು ಸಂಸ್ಥಾನದಲ್ಲಿ. ಎಲ್ಲ ವಯಸ್ಕರಿಗೂ ಮತ ಸಿಕ್ಕ ಮೊದಲ ಮಹಾಚುನಾವಣೆ ನಡೆದದ್ದು 1951–52ರಲ್ಲಿ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. 1930ರ ಕಂದಾಯದ ಪುಸ್ತಕದಲ್ಲಿ ಹೆಸರು ಇದ್ದದ್ದು ಜಮೀನು ಇದ್ದವನದು, ತೆರಿಗೆ ಕಟ್ಟಿದವನದು. ಅವನ ತೋಟದಲ್ಲಿ ದುಡಿದವನಿಗೆ, ಸೊಪ್ಪು ಹೊತ್ತವಳಿಗೆ ಅದರಲ್ಲಿ ಕಾಲಂ ಎಲ್ಲಿತ್ತು? ಬಯಲುಸೀಮೆಯ ಒಕ್ಕಲು ಮನೆಗಳಿಗಾದರೆ ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರಿದ್ದರು. ಘಟ್ಟದ ಕೂಲಿ ಮನೆಗಳಲ್ಲಿ ಅಂಥ ಪದ್ಧತಿ ನಾವು ಕಂಡಿಲ್ಲ. ಅಂದು ಬರೆದುಕೊಳ್ಳದೇ ಬಿಟ್ಟದ್ದು ಸರ್ಕಾರ. ಇಂದು ಬರೆದದ್ದು ತೋರಿಸು ಎನ್ನುವುದೂ ಸರ್ಕಾರ.

ಶರಾವತಿ ಮುಳುಗಡೆಯವರದು ಇನ್ನೂ ಒಂದು ಕೈ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರು ಮುಳುಗಿತು, ಬಾವಿ ಮುಳುಗಿತು, ಹಿರಿಯರ ಗೋರಿ ಮುಳುಗಿತು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರನ್ನು, ನೀವು ಇಲ್ಲಿಗೆ ಬಂದು 75 ವರ್ಷ ಆಯಿತೇ ಎಂದು ಕೇಳುವುದಕ್ಕೆ ಬಾಯಿ ಹೇಗೆ ಬರುತ್ತದೆ?

ಇನ್ನು ಕಾನೂನು ನಿಜಕ್ಕೂ ಏನು ಕೇಳುತ್ತದೆ ನೋಡೋಣ. ನಿಯಮ 13ರಲ್ಲಿ ಪುರಾವೆಗಳ ಪಟ್ಟಿಯಿದೆ. ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ ಅದರಲ್ಲಿವೆ. ಮನೆ, ಬದು, ಒಡ್ಡು ಕೂಡ ಇವೆ. ಹಳೇ ಬಾವಿ, ಸ್ಮಶಾನ, ದೇವರ ಜಾಗ ಇವೆ. ಹಳೇ ಭೂದಾಖಲೆಯ ಹೆಸರಿಗೆ ಕೂಡುವ ವಂಶಾವಳಿ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆಯೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ ಸಾಕು, ಎಲ್ಲವೂ ಬೇಕಿಲ್ಲ. ಇಂಥದೇ ಕಾಗದ ತಾ ಎಂದು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಬಾಯಿ ಬಿಟ್ಟು ಹೇಳಿದೆ. ನಕ್ಷೆ, ಮತದಾರರ ಪಟ್ಟಿಗಳನ್ನು ಗ್ರಾಮಸಭೆಗೆ ಒದಗಿಸುವುದು ಉಪವಿಭಾಗ ಸಮಿತಿಯ ಕೆಲಸ ಎಂದು ನಿಯಮ 6 ಹೇಳುತ್ತದೆ. ಮುಖ್ಯವಾದ ಮಾತು ಇನ್ನೊಂದಿದೆ. 75 ವರ್ಷ ಎಂಬುದು ಆ ಪ್ರದೇಶದ ವಾಸಕ್ಕೆ. ಈಗ ಸಾಗುವಳಿ ಮಾಡುತ್ತಿರುವ ಅದೇ ತುಂಡು ಜಮೀನನ್ನು 1930ರಿಂದ ಉಳುತ್ತಿದ್ದೆವು ಎಂದು ತೋರಿಸಬೇಕಾಗಿಲ್ಲ.

ಹಾಗಿದ್ದಮೇಲೆ 60 ಮನೆಯ ಊರಿನಲ್ಲಿ 60 ಜನ 60 ಚೀಲ ಹಿಡಿದು ತಿರುಗುವುದು ಯಾತಕ್ಕೆ? ಊರು ಹಳೆಯದು ಎಂದು ಒಮ್ಮೆ ತೋರಿಸಿದರೆ ಅರ್ಧ ಕೆಲಸ ಎಲ್ಲರಿಗೂ ಮುಗಿಯಿತು. 1883ರಲ್ಲಿ ಬಂದ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟ ಈ ಜಿಲ್ಲೆಯ ಊರು, ಕಾಡು, ಜನ ಎಲ್ಲವನ್ನೂ ವಿವರಿಸುತ್ತದೆ. ಅದನ್ನು ಅಕ್ಷರ ಬಲ್ಲ ಒಬ್ಬ ಹುಡುಗಿ ಒಂದು ವಾರ ಕೂತು ನೋಡಿದರೆ ಆಯಿತು. ಧಾರವಾಡದ ಪತ್ರಾಗಾರಕ್ಕೆ ಹೋಗಬೇಕೆಂದರೆ ಊರಿನ ಪರವಾಗಿ ಇಬ್ಬರು ಹೋಗಲಿ, ಬಸ್ ಚಾರ್ಜು ಎಲ್ಲರೂ ಹಾಕಲಿ.

ಮನೆಯ ಪಾಲಿಗೆ ಉಳಿಯುವುದು ಸಣ್ಣ ಕೆಲಸ. ಅರ್ಜಿದಾರ, ಅವನ ಅಪ್ಪ ಅಥವಾ ಅವ್ವ, ಅವರ ಹಿಂದಿನವರು. ಈ ಒಂದು ಗೆರೆ ಸಾಕು. ದೊಡ್ಡಪ್ಪನ ಎರಡನೇ ಸಂಬಂಧ, ಘಟ್ಟದ ಮೇಲಿಂದ ಬಂದ ದಾಯಾದಿಗಳು, ಮೂಲ ದೇವರು ಯಾವುದು ಎಂಬ ಜಗಳ, ಇವನ್ನೆಲ್ಲ ಹಬ್ಬದ ದಿನ ಕೂತು ಮಾತಾಡಿ, ಚೆನ್ನಾಗಿರುತ್ತದೆ. ಅರ್ಜಿಗೆ ಅದು ಬೇಡ. ಹೆಸರು ಎರಡು ತರ ಇದ್ದರೆ, ಇಬ್ಬರೂ ಒಬ್ಬನೇ ಎಂದು ಬಲ್ಲ ಹಿರಿಯರ ಹೇಳಿಕೆ ಬರೆಸಿ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದೂ ಅದೇ. ಕಾಗದ ಕಪಾಟಿನಲ್ಲಿ ಇನ್ನೂ ಹತ್ತು ವರ್ಷ ಇರುತ್ತದೆ. 85ರ ಅಜ್ಜಿ ಮುಂದಿನ ಮಳೆಗಾಲ ಕಾಯುವುದಿಲ್ಲ.

ಇಷ್ಟು ಬಿಸಿಯಾಗಿ ಬರೆಯಲು ಕಾರಣವಿದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಿ ಎಂದು ರಾಜ್ಯಗಳಿಗೆ ಹೇಳಿತ್ತು. ಅದೇ ತಿಂಗಳ 28ಕ್ಕೆ ತಡೆ ಬಂತು. ಆ 15 ದಿನ ಘಟ್ಟದ ಮನೆಗಳಲ್ಲಿ ಜನ ಹೇಗಿದ್ದರು ಎಂಬುದನ್ನು ನಾವು ಮರೆತಿಲ್ಲ. ಮುತ್ತಜ್ಜನ ಹೆಸರು ಸಿಗಲಿಲ್ಲ ಎಂದು ಮೊಮ್ಮಗಳ ಒಲೆ ಆರಬಹುದು. ಇದು ಓದಿದವರು ಬಿಡುವಿನಲ್ಲಿ ಮಾಡುವ ವಂಶಸಂಶೋಧನೆಯ ಹವ್ಯಾಸ ಅಲ್ಲ.

ಅಧಿಕಾರಿಗಳಿಗೆ ಒಂದು ಮಾತು. 'ದಾಖಲೆ ಇಲ್ಲ' ಎಂದು ಎರಡು ಪದ ಗೀಚಿ ಅರ್ಜಿ ಹಿಂದಕ್ಕೆ ಕಳಿಸುವುದು ಕೆಲಸವಲ್ಲ. ತಿರಸ್ಕರಿಸುವುದಾದರೆ ಕಾರಣ ಬರೆದು ಅರ್ಜಿದಾರನಿಗೆ ತಲುಪಿಸಿ. ಅವನಿಗೆ ಮೇಲಿನ ಸಮಿತಿಗೆ ಹೋಗಲು 60 ದಿನ ಇದೆ. ವಂಶವೃಕ್ಷ ಮಾಡಿಕೊಡುತ್ತೇವೆ ಎಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿಗೂ ಒಂದು ಮಾತು. ಅಜ್ಜಿಯ ಹೇಳಿಕೆ ಬರೆದುಕೊಳ್ಳಲು ಬೇಕಾದದ್ದು ಒಂದು ಪೆನ್ನು, ನಾಲ್ಕು ಹಾಳೆ, ಅರಣ್ಯ ಹಕ್ಕು ಸಮಿತಿಯ ಇಬ್ಬರು. ಅದಕ್ಕೆ ದರಪಟ್ಟಿ ಬೇಕಿಲ್ಲ.

ಅಟ್ಟಕ್ಕೆ ಎಸೆದ ಚೀಲ ಇಳಿಸಿ, ಆದರೆ ಒಬ್ಬರೇ ಬಿಚ್ಚಿಕೊಂಡು ಕೂರಬೇಡಿ. ಮುಂದಿನ ಗ್ರಾಮಸಭೆಗೆ ತನ್ನಿ. ಎಲ್ಲ ಚೀಲಗಳನ್ನೂ ಒಂದೇ ಜಮಖಾನದ ಮೇಲೆ ಸುರಿಯಿರಿ. ಒಬ್ಬರ ಚೀಲದಲ್ಲಿ ಇಲ್ಲದ್ದು ಪಕ್ಕದ ಮನೆಯವರ ಚೀಲದಲ್ಲಿ ಇರಬಹುದು.